ಕೀಲುಗಳ ಉರಿಯೂತ: ಅರಿವು ಮತ್ತು ಆರೈಕೆ

(ಶಾಖಾ ಮಠದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಹಿರಿಯರ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಪಡೆದು, ರೈಲ್ವೆಯ ಕ್ಯಾರೇಜ್ ಮತ್ತು ವ್ಯಾಗನ್ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ನಮ್ಮ ಅಕ್ಕನವರ ಸಂಧಿವಾತದ ಚಿಕಿತ್ಸೆಗಾಗಿ ಅನೇಕ ವರ್ಷಗಳ ಕಾಲ ಆಸ್ಪತ್ರೆಗಳಿಗೆ ಓಡಾಡಿ, ವೈದ್ಯರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾ ಬಂದಿದ್ದೇನೆ. ಅದನ್ನು ಬಲ್ಲ ವ್ಯವಸ್ಥಾಪಕರು ಈ ವಿಷಯವನ್ನು ನನಗೆ ವಹಿಸಿದ್ದಾರೆ. ನಾನು ಹೇಳುವ ಮಾತುಗಳು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನನ್ನು ತಿಳಿಸಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಒಂದು ಪೂರ್ವಸಿದ್ಧತೆ ಎಂದು ಭಾವಿಸಬೇಕೆಂದು ಪ್ರಾರ್ಥನೆ.

ಈ ವಿಷಯದ ಅಗತ್ಯವನ್ನು ಬೇರೆಡೆ ಹುಡುಕಬೇಕಾಗಿಲ್ಲ. ನಮ್ಮ ಭೋಜನಶಾಲೆಯಲ್ಲಿ ನೆಲದ ಪಂಕ್ತಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ, ಮೇಜು ಕುರ್ಚಿಗಳ ಸಾಲು ಉದ್ದವಾಗುತ್ತಿದೆ. ಸಾಷ್ಟಾಂಗ ನಮಸ್ಕಾರ ಮಾಡಿದವರು ಏಳುವಾಗ ಕಂಬ ಹಿಡಿಯುತ್ತಾರೆ. ಪರಸ್ಪರ ಕ್ಷೇಮಸಮಾಚಾರ ಕೇಳಿದರೆ ಬರುವ ಉತ್ತರ "ಉಳಿದದ್ದೆಲ್ಲ ದೇವರ ದಯೆ, ಈ ಮಂಡಿಯೊಂದೇ" ಎಂದು. ಅದರ ಜೊತೆಗೇ ಕೈಚೀಲದಿಂದ ಒಂದು ನೋವಿನ ಮಾತ್ರೆಯ ಪಟ್ಟಿ ಹೊರಬರುತ್ತದೆ. ಒಬ್ಬರ ಮಾತ್ರೆಯನ್ನು ಮತ್ತೊಬ್ಬರು ಪ್ರಸಾದದಂತೆ ಹಂಚಿಕೊಳ್ಳುತ್ತಾರೆ. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಅಭ್ಯಾಸದ ಕುರಿತು. ಕೀಲು ನೋವು ಎಂಬುದು ಒಂದು ರೋಗದ ಹೆಸರಲ್ಲ. ಅನೇಕ ರೋಗಗಳು ತೋರಿಸುವ ಒಂದೇ ಸಂಕೇತ. ಸಂಕೇತ ಯಾವುದರದ್ದೆಂದು ತಿಳಿಯುವ ಮೊದಲೇ ಅದನ್ನು ಅಡಗಿಸುವುದು ಅಪಾಯಕರ.

ಬಿಸಿಯಾದ ಆಕ್ಸಲ್

ನನ್ನ ವೃತ್ತಿಯಿಂದ ಒಂದು ಉದಾಹರಣೆ ಕೊಡಲು ಅನುಮತಿ ಬೇಡುತ್ತೇನೆ. ಹಳೆಯ ಕಾಲದ ವ್ಯಾಗನ್ನುಗಳಲ್ಲಿ ಗಾಲಿಯ ಅಚ್ಚಿನ ತುದಿಯು ಹಿತ್ತಾಳೆಯ ಬೇರಿಂಗಿನ ಕೆಳಗೆ ತಿರುಗುತ್ತಿತ್ತು. ಆ ಬೇರಿಂಗಿಗೆ ಬಿಳಿಲೋಹವೆಂಬ ಮೃದುವಾದ ಒಳಪದರ. ಎರಡರ ನಡುವೆ ತೆಳ್ಳನೆಯ ಎಣ್ಣೆಯ ಪೊರೆ. ಎಣ್ಣೆ ಕಡಮೆಯಾದರೆ, ಕಸ ಸೇರಿದರೆ, ಭಾರ ಹೆಚ್ಚಿದರೆ ಡಬ್ಬಿ ಕಾಯುತ್ತಿತ್ತು. ಇದಕ್ಕೆ ನಮ್ಮಲ್ಲಿ ಹಾಟ್ ಆಕ್ಸಲ್ ಎನ್ನುತ್ತಾರೆ. ಗಾಡಿ ನಿಲ್ದಾಣಕ್ಕೆ ಬಂದೊಡನೆ ಟ್ರೇನ್ ಎಕ್ಸಾಮಿನರ್ ಪ್ರತಿಯೊಂದು ಡಬ್ಬಿಯನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದನು. ಕಾದಿದ್ದರೆ ಆ ವ್ಯಾಗನ್ನನ್ನು ಬಿಡಿಸಿ ಪಕ್ಕದ ಹಳಿಗೆ ಕಳಿಸಬೇಕು. ಕೆಟ್ಟ ವ್ಯಾಗನ್ನಿಗೆ ರೈಲ್ವೆಯ ಭಾಷೆಯಲ್ಲಿ 'ಸಿಕ್' ಎಂದೂ, ಅದು ನಿಲ್ಲುವ ಹಳಿಗೆ 'ಸಿಕ್ ಲೈನ್' ಎಂದೂ ಹೆಸರು. ಹೊರಗಿನಿಂದ ನೀರು ಸುರಿದು ಡಬ್ಬಿಯನ್ನು ತಣ್ಣಗೆ ಮಾಡಿ ಗಾಡಿಯನ್ನು ಬಿಟ್ಟುಬಿಡುವುದು ಪರೀಕ್ಷಕನ ಕೆಲಸವಲ್ಲ. ಹಾಗೆ ಬಿಟ್ಟರೆ ಮುಂದೆ ಎಲ್ಲೋ ಅಚ್ಚು ತುಂಡಾಗಿ ಗಾಡಿ ಹಳಿ ತಪ್ಪುತ್ತದೆ.

ನಮ್ಮ ಕೀಲಿನ ರಚನೆಯೂ ಹೆಚ್ಚುಕಡಮೆ ಹೀಗೆಯೇ. ಎರಡು ಎಲುಬುಗಳ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಸುತ್ತಲೂ ಒಂದು ಚೀಲ. ಅದರ ಒಳಪೊರೆಯು ಜಾರುವ ದ್ರವವನ್ನು ಒಸರುತ್ತದೆ. ಹೊರಗಡೆ ಎಲುಬನ್ನು ಎಲುಬಿಗೆ ಬಿಗಿಯುವ ಪಟ್ಟಿಗಳು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂತಹ ಸ್ನಾಯುರಜ್ಜುಗಳು, ಉಜ್ಜಾಟವನ್ನು ತಡೆಯಲು ಬರ್ಸಾ ಎಂಬ ದ್ರವದ ಪುಟ್ಟ ಚೀಲಗಳು. ಈ ಹೊರಗಿನ ಭಾಗಗಳನ್ನೆಲ್ಲ ಸೇರಿಸಿ ಮೃದು ಅಂಗಾಂಶ ಎನ್ನುತ್ತಾರೆ. ಉರಿಯೂತವು ಕೀಲಿನ ಒಳಗೂ ಆಗಬಹುದು, ಹೊರಗಿನ ಈ ಭಾಗಗಳಲ್ಲೂ ಆಗಬಹುದು. ಒಂದು ಸ್ಥೂಲವಾದ ಗುರುತು ಇದೆ. ಕೀಲಿನ ಒಳಗಿನ ದೋಷವಾದರೆ ಯಾವ ದಿಕ್ಕಿಗೆ ಆಡಿಸಿದರೂ, ನಾವೇ ಆಡಿಸಿದರೂ ಬೇರೆಯವರು ಆಡಿಸಿದರೂ ನೋವು. ಹೊರಗಿನ ರಜ್ಜುವಿನ ದೋಷವಾದರೆ ಒಂದು ನಿರ್ದಿಷ್ಟ ಚಲನೆಯಲ್ಲಿ ಮಾತ್ರ, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗದಲ್ಲಿ ನೋವು.

ಉರಿಯೂತದ ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕನು ನಾಲ್ಕು ಪದಗಳಲ್ಲಿ ಹೇಳಿದನು: ಕೆಂಪು, ಬಾವು, ಬಿಸಿ, ನೋವು. ಅನಂತರದವರು ಐದನೆಯದಾಗಿ ಅಂಗವು ತನ್ನ ಕೆಲಸ ಮಾಡಲಾರದೆ ಹೋಗುವುದನ್ನು ಸೇರಿಸಿದರು. ನಮ್ಮ ಆಯುರ್ವೇದದಲ್ಲಿಯೂ ವಾತರಕ್ತ, ಆಮವಾತ ಮುಂತಾಗಿ ಬೇರೆ ಬೇರೆ ಹೆಸರುಗಳನ್ನು ಕೊಟ್ಟು ಕೀಲುರೋಗಗಳನ್ನು ವಿಂಗಡಿಸಿದ್ದಾರೆ; ಆಮವಾತದ ವರ್ಣನೆ ಮಾಧವನಿದಾನದಲ್ಲಿ ಪ್ರತ್ಯೇಕವಾಗಿ ಬಂದಿದೆ. ಅಂದರೆ ಕೀಲು ನೋವುಗಳೆಲ್ಲ ಒಂದೇ ಅಲ್ಲ, ಮೊದಲು ನಿದಾನ, ಅನಂತರ ಚಿಕಿತ್ಸೆ ಎಂಬುದು ನಮ್ಮ ಹಿರಿಯರಿಗೂ ತಿಳಿದಿದ್ದ ಸಂಗತಿ.

ಮನೆಯಲ್ಲಿ ಮಾಡಬಹುದಾದ ಮೊದಲ ಪರೀಕ್ಷೆ ನಮ್ಮ ಟ್ರೇನ್ ಎಕ್ಸಾಮಿನರ್ ಮಾಡುತ್ತಿದ್ದುದೇ. ಕೈಯ ಹಿಂಬದಿಯಿಂದ ಎರಡೂ ಮಂಡಿಗಳನ್ನು ಮುಟ್ಟಿ ಹೋಲಿಸಿ. ಒಂದು ಇನ್ನೊಂದಕ್ಕಿಂತ ಬಿಸಿಯಾಗಿದೆಯೆ? ಬಾವು ಇದೆಯೆ? ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ? ಈ ಮೂರು ಪ್ರಶ್ನೆಗಳ ಉತ್ತರವನ್ನು ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ.

ಯಾವ ಬಗೆಯದು?

ಮೊದಲನೆಯದು, ನಮ್ಮಲ್ಲಿ ಅತಿ ಸಾಮಾನ್ಯವಾದದ್ದು, ಕೀಲಿನ ಸವೆತ; ಆಸ್ಟಿಯೋಆರ್ಥ್ರೈಟಿಸ್. ಮಂಡಿ, ಸೊಂಟ, ಬೆರಳ ತುದಿಯ ಗಂಟುಗಳಲ್ಲಿ ಹೆಚ್ಚು. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ನಡೆದಷ್ಟೂ, ಮೆಟ್ಟಿಲು ಹತ್ತಿಳಿದಷ್ಟೂ ನೋವು ಏರುತ್ತದೆ, ಕುಳಿತರೆ ಇಳಿಯುತ್ತದೆ. ಬಿಸಿ ಹೆಚ್ಚಾಗಿ ಇರುವುದಿಲ್ಲ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವ ರೋಗವಿದು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಪ್ಪಿಗಾಗಿ ಕಾಯುವುದಿಲ್ಲ, ಮೂವತ್ತು ನಲವತ್ತರಲ್ಲಿಯೂ ಬರುತ್ತದೆ. ಕೈಬೆರಳುಗಳ ಬುಡ ಮತ್ತು ನಡುಗಂಟು, ಮಣಿಕಟ್ಟು, ಪಾದದ ಮುಂಭಾಗ, ಇವು ಎರಡೂ ಬದಿಗಳಲ್ಲಿ ಒಟ್ಟಿಗೆ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ; ಕೆಲಸ ಮಾಡುತ್ತಾ ಹೋದಂತೆ ಸಡಿಲವಾಗುತ್ತದೆ. ಮಾತೆಯರಿಗೆ ಒಂದು ಸುಲಭವಾದ ಗುರುತನ್ನು ಹೇಳುತ್ತೇನೆ. ನಿತ್ಯವೂ ಸರಾಗವಾಗಿ ಹೂಬತ್ತಿ ಹೊಸೆಯುತ್ತಿದ್ದ ಬೆರಳುಗಳು ಬೆಳಗಿನ ಹೊತ್ತು ಹತ್ತಿಯನ್ನು ಹಿಡಿಯಲಾರದೆ ಹೋದರೆ, ಬೆಳಗ್ಗೆ ಬಳೆ ಬಿಗಿಯೆನಿಸಿ ಸಂಜೆ ಸಡಿಲವಾದರೆ, ಇದು ಆರು ವಾರ ಮುಂದುವರಿದರೆ, "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ.

ಇದು ಅಪರೂಪದ ರೋಗವೆಂದು ತಿಳಿಯಬಾರದು. ನಮ್ಮ ದೆಹಲಿಯ ಸಮೀಪದ ಗ್ರಾಮೀಣ ಪ್ರದೇಶದಲ್ಲಿ ಮನೆಮನೆಗೆ ಹೋಗಿ ನಡೆಸಿದ, 1993ರಲ್ಲಿ ಪ್ರಕಟವಾದ ಡಾ. ಎ. ಎನ್. ಮಾಳವೀಯ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಶೇಕಡ 0.75. ಭಾರತದಲ್ಲಿ ಸಂಧಿವಾತದ ಪ್ರಮಾಣವನ್ನು ಹೇಳುವಾಗ ಇಂದಿಗೂ ಉದ್ಧರಿಸುವುದು ಈ ಅಂಕಿಯನ್ನೇ. ಸಾವಿರ ಜನರ ಸಭೆಯಲ್ಲಿ ಏಳೆಂಟು ಜನ ಎಂದಾಯಿತು.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಸೂಜಿಯಂತಹ ಹರಳುಗಳು ಕೀಲಿನಲ್ಲಿ ಕುಳಿತು ಆಗುವ ಉರಿ. ಬಹುಮಟ್ಟಿಗೆ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ರಾತ್ರಿಯ ಹೊತ್ತು ಇದ್ದಕ್ಕಿದ್ದಂತೆ ಆರಂಭವಾಗುತ್ತದೆ. ಹೊದಿಕೆಯ ಅಂಚು ತಾಗಿದರೂ ಸಹಿಸಲಾಗದು. ಮಾಂಸಮದ್ಯಗಳ ಸಂಪರ್ಕವಿಲ್ಲದ ನಮಗೆ ಇದು ಬಾರದೆಂಬ ನಂಬಿಕೆ ಸರಿಯಲ್ಲ. ವಂಶಗುಣ, ಸ್ಥೂಲಕಾಯ, ಮೂತ್ರಪಿಂಡದ ದೌರ್ಬಲ್ಯ, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆ, ಸಕ್ಕರೆಯ ಪಾನೀಯ, ನೀರು ಕುಡಿಯದಿರುವುದು, ಇವೆಲ್ಲವೂ ಕಾರಣಗಳೇ. ಇನ್ನೊಂದು ಕಡೆ, ಗೌಟ್ ಎಂದೊಡನೆ ತೊಗರಿಬೇಳೆ, ಹೆಸರುಬೇಳೆ, ಸೊಪ್ಪುಗಳನ್ನು ಬಿಟ್ಟುಬಿಡುವ ವಾಡಿಕೆಗೂ ಆಧಾರ ಸಾಲದು. ಬೇಳೆಕಾಳು, ತರಕಾರಿಗಳಲ್ಲಿರುವ ಪ್ಯೂರಿನ್ ಅಂಶವು ಮಾಂಸ, ಮೀನುಗಳಲ್ಲಿರುವ ಅಂಶದಂತೆ ಗೌಟನ್ನು ಹೆಚ್ಚಿಸುವುದಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ.

ನಾಲ್ಕನೆಯದು ಸೋಂಕಿನಿಂದ ಬರುವ ಕೀಲುಬಾವು. ದೆಹಲಿಯ ನಿವಾಸಿಗಳಿಗೆ ಚಿಕೂನ್‌ಗುನ್ಯಾವನ್ನು ಪರಿಚಯಿಸಬೇಕಾಗಿಲ್ಲ. 2016ರ ಮಳೆಗಾಲದಲ್ಲಿ ಈ ನಗರದ ಸಾವಿರಾರು ಜನ ಅದನ್ನು ಅನುಭವಿಸಿದರು. ಅದಕ್ಕೂ ಮುಂಚೆ 2006ರಲ್ಲಿ ದೇಶಾದ್ಯಂತ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ವರದಿಯಾದಾಗ, ಅವುಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ನಮ್ಮ ಕರ್ನಾಟಕದಲ್ಲಿಯೇ ಇದ್ದವು. 1952ರ ಸುಮಾರಿಗೆ ಪೂರ್ವ ಆಫ್ರಿಕದಲ್ಲಿ ಗುರುತಿಸಲ್ಪಟ್ಟ ಈ ಜ್ವರದ ಹೆಸರಿಗೆ ಅಲ್ಲಿಯ ಮಕೊಂಡೆ ಭಾಷೆಯಲ್ಲಿ 'ಬಾಗಿಸುವುದು' ಎಂಬ ಅರ್ಥವಿದೆ. ಜ್ವರ ಒಂದು ವಾರದಲ್ಲಿ ಹೋದರೂ ಕೀಲು ನೋವು ಕೆಲವರನ್ನು ತಿಂಗಳುಗಟ್ಟಲೆ, ಕ್ವಚಿತ್ತಾಗಿ ವರ್ಷಗಟ್ಟಲೆ ಕಾಡುತ್ತದೆ. ಮಳೆಗಾಲದಲ್ಲಿ ಜ್ವರದೊಂದಿಗೆ ಕೀಲು ನೋವು ಬಂದರೆ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದವನ್ನು ಮುಟ್ಟಬಾರದು, ರಕ್ತಸ್ರಾವದ ಭಯವಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು.

ಸೋಂಕಿನಲ್ಲಿಯೇ ಇನ್ನೊಂದು ಗಂಭೀರ ಬಗೆಯಿದೆ. ಒಂದೇ ಕೀಲು, ಒಂದೆರಡು ದಿನಗಳಲ್ಲಿ ಊದಿ, ಕೆಂಪಾಗಿ, ಸುಡುವಂತಾಗಿ, ಚಳಿಜ್ವರವೂ ಬಂದರೆ ಅದು ಕೀಲಿನಲ್ಲಿ ಕೀವು ತುಂಬಿರುವ ಸೂಚನೆಯಿರಬಹುದು. ಮಧುಮೇಹಿಗಳು ವಿಶೇಷವಾಗಿ ಎಚ್ಚರದಿಂದಿರಬೇಕು. ಅಂತಹ ಸಂದರ್ಭದಲ್ಲಿ ಎಣ್ಣೆ ನೀವುವುದು, ನಾಳೆ ನೋಡೋಣವೆನ್ನುವುದು ಸಲ್ಲದು. ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೀಲಿನ ನೀರನ್ನು ತೆಗೆದು ಪರೀಕ್ಷಿಸಿ ಚಿಕಿತ್ಸೆ ಆರಂಭಿಸುವುದು ತಡವಾದರೆ ಕೆಲವೇ ದಿನಗಳಲ್ಲಿ ಕೀಲು ಶಾಶ್ವತವಾಗಿ ಹಾಳಾಗುತ್ತದೆ. ಒಂದೇ ಕೀಲು ಅಥವಾ ಬೆನ್ನು ವಾರಗಟ್ಟಲೆ ನಿಧಾನವಾಗಿ ನೋಯುತ್ತಾ, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕ್ಷಯದ ಪರೀಕ್ಷೆಯೂ ಅಗತ್ಯ.

ಐದನೆಯದು ಮೃದು ಅಂಗಾಂಶಗಳ ಉರಿ. ಇಲ್ಲಿ ರೋಗಕ್ಕಿಂತ ನಮ್ಮ ದಿನಚರಿಯೇ ಹೆಚ್ಚಿನ ಕಾರಣ. ನಿತ್ಯ ಗಂಧ ತೇಯುವವರಿಗೆ ಹೆಬ್ಬೆರಳಿನ ಬುಡದಲ್ಲಿ, ಒದ್ದೆ ಬಟ್ಟೆ ಹಿಂಡುವವರಿಗೂ ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುವವರಿಗೂ ಮೊಳಕೈಯ ಹೊರಬದಿಯಲ್ಲಿ, ಮಂಡಿಯೂರಿ ನೆಲ ಒರೆಸುವವರಿಗೆ ಮಂಡಿಚಿಪ್ಪಿನ ಮುಂದಿನ ಬರ್ಸಾದಲ್ಲಿ, ಅಮೃತಶಿಲೆಯ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವವರಿಗೆ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಹಿಮ್ಮಡಿ ನೋವಿನ ವಿಶೇಷವೆಂದರೆ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಯೇ ಅತ್ಯಂತ ಕಠಿನ. ಮಧುಮೇಹಿಗಳಲ್ಲಿ ಭುಜ ಕ್ರಮೇಣ ಬಿಗಿದು, ಜನಿವಾರವನ್ನು ಸರಿಪಡಿಸಿಕೊಳ್ಳಲು, ಬೆನ್ನ ಹಿಂದೆ ಕೈ ಒಯ್ಯಲು ಆಗದಂತಾಗುವುದಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೆಸರು. ಅದು ಪೂರ್ತಿ ಸಡಿಲವಾಗಲು ಒಂದರಿಂದ ಮೂರು ವರ್ಷಗಳೇ ಬೇಕಾಗಬಹುದು. ಸಕ್ಕರೆಯ ಹತೋಟಿ, ಕ್ರಮವಾದ ವ್ಯಾಯಾಮ, ತಾಳ್ಮೆ, ಈ ಮೂರೂ ಬೇಕು.

ನೋವಿನ ಮಾತ್ರೆ ಮತ್ತು ಉಪವಾಸ

ಇನ್ನು ಅತ್ಯಂತ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಮುಂತಾದ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ? ಆಸ್ಪಿರಿನ್ 1899ರಿಂದಲೇ ಮಾರಾಟದಲ್ಲಿದ್ದರೂ ಅದರ ಗುಟ್ಟು ತಿಳಿದದ್ದು 1971ರಲ್ಲಿ. ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ, ಈ ಔಷಧಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯದ ತಯಾರಿಕೆಯನ್ನು ತಡೆಯುತ್ತವೆಂದು ತೋರಿಸಿದರು. 1982ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದರು. ಈ ಪ್ರೊಸ್ಟಾಗ್ಲಾಂಡಿನ್ ಕೀಲಿನಲ್ಲಿ ನೋವು, ಬಾವುಗಳನ್ನು ಉಂಟುಮಾಡುತ್ತದೆ, ನಿಜ. ಆದರೆ ಅದೇ ದ್ರವ್ಯ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಪಾಡುತ್ತದೆ. ದೇಹದಲ್ಲಿ ನೀರು ಕಡಮೆಯಾದಾಗ ಮೂತ್ರಪಿಂಡಗಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಮಾತ್ರೆಯು ಮಂಡಿಯಲ್ಲಿ ಮಾತ್ರ ಕೆಲಸ ಮಾಡು ಎಂದರೆ ಕೇಳುವುದಿಲ್ಲ. ಮೂರು ಕಡೆಯೂ ತಡೆಯುತ್ತದೆ.

ಆದುದರಿಂದ ಏಕಾದಶಿಯ ದಿನವನ್ನು ನೆನಪಿಸಿಕೊಳ್ಳಿ. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿಗಳು. ನಮ್ಮಲ್ಲಿ ಅನೇಕ ಹಿರಿಯರು ನಿರ್ಜಲವಾಗಿ ಆಚರಿಸುತ್ತಾರೆ. ಮರುದಿನ ಬೆಳಗಿನ ಪಾರಣೆಗೆ ಬೇಗನೆ ಏಳಬೇಕು, ಅಡಿಗೆಯಾಗಬೇಕು, ಮಂಡಿ ಸಹಕರಿಸಬೇಕೆಂದು ದಶಮಿಯ ರಾತ್ರಿಯೋ ದ್ವಾದಶಿಯ ಪ್ರಾತಃಕಾಲವೋ ಬರಿಯ ಹೊಟ್ಟೆಯಲ್ಲಿ ನೋವಿನ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ನುಂಗುವವರು ಇದ್ದಾರೆ. ಜೊತೆಗೆ ರಕ್ತದೊತ್ತಡದ ಮಾತ್ರೆ, ಮೂತ್ರವರ್ಧಕವೂ ಇದ್ದರೆ, ದೆಹಲಿಯ ಜ್ಯೇಷ್ಠ ಮಾಸದ ಬಿಸಿಲೂ ಸೇರಿದರೆ, ಮೂತ್ರಪಿಂಡಗಳಿಗೆ ಎಲ್ಲ ಕಡೆಯಿಂದಲೂ ಏಟು. ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವವಾದರೆ ಮಲವು ಟಾರಿನಂತೆ ಕಪ್ಪಗಾಗುತ್ತದೆ. ಅದನ್ನು ಕಂಡೊಡನೆ ವೈದ್ಯರ ಬಳಿಗೆ ಹೋಗಬೇಕು. ಗೌಟ್ ಇರುವವರಿಗೆ ನಿರ್ಜಲ ಉಪವಾಸವೇ ಹೊಸ ಆಕ್ರಮಣಕ್ಕೆ ಕಾರಣವಾಗಬಲ್ಲುದು.

ಉಪವಾಸವನ್ನು ಬಿಡಿ ಎಂದು ಹೇಳಲು ನಾನು ಅಧಿಕಾರಿಯಲ್ಲ. ವೃದ್ಧರಿಗೂ ರೋಗಿಗಳಿಗೂ ಯಾವ ವಿನಾಯಿತಿ ಇದೆ, ಔಷಧಕ್ಕೆ ಎಷ್ಟು ಅವಕಾಶವಿದೆ ಎಂಬುದನ್ನು ಇಲ್ಲಿರುವ ವಿದ್ವಾಂಸರಿಂದ ತಿಳಿಯಬೇಕು. ಆ ದಿನ ಯಾವ ಮಾತ್ರೆಯನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವೈದ್ಯರಿಂದ ಮುಂಚಿತವಾಗಿ ಬರೆಸಿಕೊಳ್ಳಬೇಕು. ಎರಡನ್ನೂ ಕೇಳದೆ ನಾವೇ ನಿರ್ಣಯಿಸುವುದು ಬೇಡವೆಂಬುದಷ್ಟೇ ನನ್ನ ವಿನಂತಿ. ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ನನ್ನು ಸಹ ತಾವಾಗಿಯೇ ನಿಲ್ಲಿಸಬಾರದು.

ಈ ಔಷಧಗಳು ಎಷ್ಟು ಪ್ರಬಲವೆಂಬುದಕ್ಕೆ ಒಂದು ದೃಷ್ಟಾಂತ ನಮ್ಮ ಆಕಾಶದಲ್ಲಿಯೇ ಇದೆ. ಹಿಂದೆ ದೆಹಲಿಯಲ್ಲಿ ರಣಹದ್ದುಗಳು ಹೇರಳವಾಗಿದ್ದವು. 1990ರ ದಶಕದಿಂದ ದೇಶದಾದ್ಯಂತ ಅವು ಕಣ್ಮರೆಯಾಗತೊಡಗಿದವು. ಡೈಕ್ಲೊಫೆನಾಕ್ ಕೊಟ್ಟ ದನಗಳ ಕಳೇಬರವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು, ಒಳ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಹೆಪ್ಪುಗಟ್ಟಿ ಸಾಯುತ್ತಿದ್ದವೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪಶುಚಿಕಿತ್ಸೆಯಲ್ಲಿ ಅದನ್ನು ಭಾರತವು 2006ರಲ್ಲಿ ನಿಷೇಧಿಸಿತು. ಮನುಷ್ಯನ ದೇಹ ಹದ್ದಿನಂತೆ ಅಲ್ಲ, ಹೆದರಬೇಕಾಗಿಲ್ಲ. ಆದರೆ ಪೆಪ್ಪರಮಿಂಟಿನಂತೆ ಹಂಚಿ ತಿನ್ನುವ ವಸ್ತುವೂ ಅದಲ್ಲ. ಮಂಡಿಯ ಸವೆತಕ್ಕೆ ಅದೇ ಔಷಧದ ಮುಲಾಮನ್ನು ಮೇಲೆ ಹಚ್ಚುವುದು ಹಿರಿಯರಿಗೆ ಮಾತ್ರೆಗಿಂತ ಕ್ಷೇಮಕರ. ವೈದ್ಯರು ಮೊದಲು ಅದನ್ನೇ ಸೂಚಿಸುತ್ತಾರೆ.

ಪುಡಿಯ ಪೊಟ್ಟಣಗಳು

ಇದಕ್ಕಿಂತಲೂ ಅಪಾಯಕರವಾದದ್ದು ಹೆಸರಿಲ್ಲದ ಪುಡಿಗಳು. ನಮ್ಮ ಅಕ್ಕ ಊರಿನಲ್ಲಿದ್ದಾಗ ಬೆರಳುಗಳ ಬಾವಿಗೆ ಯಾರೋ ಒಬ್ಬರು ಕೊಡುತ್ತಿದ್ದ ಪೊಟ್ಟಣಗಳನ್ನು ಒಂದೂವರೆ ವರ್ಷ ಸೇವಿಸಿದರು. ಮೊದಲ ವಾರದಲ್ಲಿಯೇ ಪವಾಡದಂತೆ ನೋವು ಹೋಯಿತು, ಊರಿಗೆಲ್ಲ ಹೇಳಿದರು. ದೆಹಲಿಗೆ ನಮ್ಮ ಮನೆಗೆ ಬಂದಾಗ ಮುಖ ಚಂದ್ರನಂತೆ ದುಂಡಗಾಗಿತ್ತು, ಚರ್ಮ ತೆಳ್ಳಗಾಗಿ ತಾಗಿದಲ್ಲೆಲ್ಲ ನೀಲಿಗಟ್ಟುತ್ತಿತ್ತು, ಹಿಂದೆ ಇಲ್ಲದ ಸಕ್ಕರೆಯ ಕಾಯಿಲೆ ಕಾಣಿಸಿತ್ತು. ಪರೀಕ್ಷಿಸಿದ ವೈದ್ಯರು ನೋಡಿದೊಡನೆ "ಇದು ಸ್ಟೀರಾಯ್ಡಿನ ಮುಖ" ಎಂದರು.

ಸ್ಟೀರಾಯ್ಡ್ ಸ್ವತಃ ಕೆಟ್ಟ ಔಷಧವಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದ ಮಹಿಳೆಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ದೊರೆಯಿತು. ಆದರೆ ದೀರ್ಘಕಾಲದ ದುಷ್ಪರಿಣಾಮಗಳು ಬೇಗನೆ ಬೆಳಕಿಗೆ ಬಂದವು: ಎಲುಬು ಟೊಳ್ಳಾಗುವುದು, ಸಕ್ಕರೆ, ಕಣ್ಣಿನ ಪೊರೆ, ಸೋಂಕು. ಆದಕಾರಣ ವೈದ್ಯರು ಅದನ್ನು ಅಳತೆಯಿಂದ, ಸ್ವಲ್ಪ ಕಾಲ ಮಾತ್ರ ಕೊಡುತ್ತಾರೆ. ಪುಡಿ ಮಾರುವವರು ಅಳತೆಯಿಲ್ಲದೆ ಬೆರೆಸಿರುತ್ತಾರೆ. ಇನ್ನೊಂದು ಮಾತು ಗಮನಿಸಿ: ಸಂಶಯ ಬಂದೊಡನೆ ಪುಡಿಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹವು ತನ್ನದೇ ತಯಾರಿಕೆಯನ್ನು ನಿಲ್ಲಿಸಿರುತ್ತದೆ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ, ಅವರು ಹೇಳಿದಂತೆ ಕ್ರಮಕ್ರಮವಾಗಿ ಇಳಿಸಬೇಕು. ಅಕ್ಕನಿಗೆ ಅದಕ್ಕೇ ಹಲವು ತಿಂಗಳು ಹಿಡಿಯಿತು.

ನಿಜವಾದ ಚಿಕಿತ್ಸೆ

ಸಂಧಿವಾತಕ್ಕೆ ಇಂದು ಮೂಲಕ್ಕೇ ತಾಗುವ ಔಷಧಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಇದರ ಹಿಂದೆ ನಮ್ಮ ದೇಶದವರೊಬ್ಬರ ಪರಿಶ್ರಮವಿದೆಯೆಂಬುದು ಹೆಮ್ಮೆಯ ಸಂಗತಿ. 1895ರಲ್ಲಿ ಆಂಧ್ರದ ಭೀಮವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ತೆರಳಿದ ಯಲ್ಲಾಪ್ರಗಡ ಸುಬ್ಬರಾಯರ ನಿರ್ದೇಶನದಲ್ಲಿ ಲೆಡರ್ಲೆ ಪ್ರಯೋಗಾಲಯದಲ್ಲಿ ಅದು ರೂಪುಗೊಂಡಿತು. 1948ರಲ್ಲಿಯೇ ಅವರು ತೀರಿಕೊಂಡರು. ಕ್ಯಾನ್ಸರಿಗೆಂದು ಬಂದ ಔಷಧ, ಅತಿ ಸಣ್ಣ ಪ್ರಮಾಣದಲ್ಲಿ ಸಂಧಿವಾತದ ಆಧಾರಸ್ತಂಭವಾಯಿತು.

ಈ ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರೂ ನೆನಪಿಡಬೇಕು. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕದ್ದು, ಪ್ರತಿದಿನವಲ್ಲ. ತಿಳಿಯದೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನಮ್ಮ ಮನೆಯಲ್ಲಿ ಗೋಡೆಯ ಪಂಚಾಂಗದಲ್ಲಿ ಭಾನುವಾರಗಳಿಗೆಲ್ಲ ಕೆಂಪು ಗುರುತು ಹಾಕಿ, ಕೊಟ್ಟೊಡನೆ ಸಹಿ ಮಾಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ವೈದ್ಯರು ಹೇಳಿದ ದಿನಗಳಲ್ಲಿ ಫೋಲಿಕ್ ಆಮ್ಲ, ಕಾಲಕಾಲಕ್ಕೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ, ಇವು ತಪ್ಪಬಾರದು. ಗರ್ಭಿಣಿಯರಿಗೂ ಗರ್ಭಧಾರಣೆ ಬಯಸುವವರಿಗೂ ಇದು ನಿಷಿದ್ಧ. ಆರಂಭದ ತಿಂಗಳುಗಳಲ್ಲಿಯೇ ಚಿಕಿತ್ಸೆ ತೊಡಗಿದರೆ ಕೀಲುಗಳು ಉಳಿಯುತ್ತವೆ. ಒಮ್ಮೆ ಬಾಗಿದ ಬೆರಳನ್ನು ಯಾವ ಮಾತ್ರೆಯೂ ನೇರಮಾಡಲಾರದು. ಅಕ್ಕನಿಗೆ ಎರಡು ಬೆರಳು ಬಾಗಿಯೇ ಉಳಿದಿವೆ. ಉಳಿದ ಎಂಟರಿಂದ ಈಗ ಬತ್ತಿ ಹೊಸೆಯುತ್ತಾರೆ. ಇಂತಹ ರೋಗಕ್ಕೆ ನೋಡಬೇಕಾದವರು ರುಮಟಾಲಜಿಸ್ಟ್ ಎಂಬ ತಜ್ಞರು. ನಮ್ಮ ನಗರದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವಿದೆ.

ಗೌಟಿಗೆ ಆಕ್ರಮಣದ ಸಮಯದ ಔಷಧ ಬೇರೆ, ಯೂರಿಕ್ ಆಮ್ಲವನ್ನು ಇಳಿಸುವ ಔಷಧ ಬೇರೆ. ಎರಡನೆಯದನ್ನು ನೋವು ಹೋದೊಡನೆ ನಿಲ್ಲಿಸಬಾರದು. ರಕ್ತದಲ್ಲಿ ಯೂರಿಕ್ ಆಮ್ಲ 6 ಮಿಲಿಗ್ರಾಮಿಗಿಂತ ಕೆಳಗೆ ಇರುವಂತೆ ನೋಡಿಕೊಂಡರೆ ಹರಳುಗಳು ಕ್ರಮೇಣ ಕರಗುತ್ತವೆ.

ಮಂಡಿಯ ಸವೆತಕ್ಕೆ ಮೊದಲ ಔಷಧ ವ್ಯಾಯಾಮ. ನೋಯುತ್ತದೆಂದು ಕಾಲನ್ನು ಆಡಿಸದೆ ಕುಳಿತರೆ ತೊಡೆಯ ಸ್ನಾಯು ಕೃಶವಾಗಿ, ಭಾರವೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ಐದು ಎಣಿಸಿ ಇಳಿಸುವುದು. ಹೀಗೆ ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ. ಸಂಧ್ಯಾವಂದನೆಗೆ ಮುಂಚೆ ಒಮ್ಮೆ, ರಾತ್ರಿ ಒಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ತೂಕದ ಲೆಕ್ಕವೂ ಇಂಜಿನಿಯರಿಗೆ ಮೆಚ್ಚಾಗುವಂಥದು: ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಚಳಿಗಾಲದಲ್ಲಿ ಹೊಗೆಮಂಜು ಕವಿದ ಬೆಳಗಿನ ಜಾವ ನಡೆಯುವ ಬದಲು ಬಿಸಿಲು ಬಂದ ಮೇಲೆ ನಡೆಯಿರಿ. ಸ್ನಾಯುವಿಗೆ ಪ್ರೋಟೀನ್ ಬೇಕು. ಚಾತುರ್ಮಾಸ್ಯದಲ್ಲಿ ಕ್ಷೀರವ್ರತದ ತಿಂಗಳು ಮೊಸರಿನಿಂದಲೂ, ದ್ವಿದಳವ್ರತದ ತಿಂಗಳು ಹಾಲು ಮೊಸರುಗಳಿಂದಲೂ ಅದನ್ನು ತುಂಬಿಕೊಳ್ಳಬಹುದು. ನೆಲದ ಮೇಲೆ ಕೂರಲಾರದವರು ಕುರ್ಚಿಯ ಮೇಲೆ ಕುಳಿತು ಪಾರಾಯಣ ಮಾಡುವುದಕ್ಕೆ ನಾಚಬೇಕಾಗಿಲ್ಲ.

ಇಷ್ಟರಿಂದಲೂ ಸಾಲದೆ, ರಾತ್ರಿ ನಿದ್ರೆಗೂ ನೋವು ಅಡ್ಡಿಯಾದರೆ ಮಂಡಿ ಬದಲಾವಣೆಯ ಶಸ್ತ್ರಕ್ರಿಯೆ ಇದೆ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರಿಗೆ 2000ದ ಅಕ್ಟೋಬರಿನಲ್ಲಿ ಎಡಮಂಡಿಗೂ 2001ರ ಜೂನಿನಲ್ಲಿ ಬಲಮಂಡಿಗೂ ಮುಂಬಯಿಯಲ್ಲಿ ಇದನ್ನು ಮಾಡಿದ ಮೇಲೆ ಜನರಿಗೆ ಇದರ ಪರಿಚಯವಾಯಿತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಅಂದು ನಿಗದಿಯಾದದ್ದು 54,720 ರೂಪಾಯಿ. ಆಸ್ಪತ್ರೆಯ ಖರ್ಚು ಬೇರೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಮಂಡಿಯ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸುವಂತೆ ಕೇಳುವುದು ರೋಗಿಯ ಹಕ್ಕು.

ಮೃದು ಅಂಗಾಂಶಗಳ ಹೊಸ ಬಾವಿಗೆ ಮೊದಲ ಎರಡು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡುವುದು, ಆ ಭಾಗವನ್ನು ಎತ್ತರದಲ್ಲಿ ಇಟ್ಟುಕೊಳ್ಳುವುದು. ಹೊಸ ಬಾವಿನ ಮೇಲೆ ಬಲವಾಗಿ ಎಣ್ಣೆ ತಿಕ್ಕಬಾರದು. ಬಾವು ಇಳಿದ ಮೇಲೆ ಬಿಸಿ ಶಾಖ, ನಿಧಾನವಾದ ವ್ಯಾಯಾಮ. ಹಿಮ್ಮಡಿ ನೋವಿಗೆ ಮೀನಖಂಡವನ್ನು ಎಳೆದು ಚಾಚುವ ವ್ಯಾಯಾಮ, ಮನೆಯೊಳಗೆ ಓಡಾಡಲು ಪ್ರತ್ಯೇಕವಾದ ಮೆತ್ತನೆಯ ಚಪ್ಪಲಿ. ಕಾರಣವಾದ ಕೆಲಸವನ್ನು ಕೆಲವು ವಾರ ಬೇರೆಯವರಿಗೆ ವಹಿಸಿಕೊಡಬೇಕು. ಗಂಧ ತೇಯುವ ಕೈಂಕರ್ಯವನ್ನು ಮೊಮ್ಮಗನಿಗೆ ಕಲಿಸಲು ಇದೊಂದು ಅವಕಾಶ.

ಮಠದ ವ್ಯವಸ್ಥಾಪಕರಲ್ಲಿಯೂ ಮೂರು ವಿನಂತಿಗಳಿವೆ. ಸ್ನಾನಗೃಹದ ಗೋಡೆಗೂ ಪ್ರದಕ್ಷಿಣೆಯ ಮೆಟ್ಟಿಲಿಗೂ ಹಿಡಿಕೆ ಹಾಕಿಸಬೇಕು. ಅಡಿಗೆಯವರಿಗೂ ಬಡಿಸುವವರಿಗೂ ಸರದಿಯ ವಿಶ್ರಾಂತಿ ಇರಬೇಕು. ಬಗ್ಗಿ ಬಗ್ಗಿ ನೂರಾರು ಎಲೆಗಳಿಗೆ ಬಡಿಸುವ ಆ ಹುಡುಗರ ಬೆನ್ನೂ ಬೆನ್ನೇ. ವರ್ಷಕ್ಕೊಮ್ಮೆ, ಸಾಧ್ಯವಾದರೆ ವಿಶ್ವ ಆರ್ಥ್ರೈಟಿಸ್ ದಿನವಾದ ಅಕ್ಟೋಬರ್ 12ರ ಸುಮಾರಿಗೆ, ಒಬ್ಬ ತಜ್ಞ ವೈದ್ಯರನ್ನು ಕರೆಸಿ ತಪಾಸಣಾ ಶಿಬಿರ ನಡೆಸಬೇಕು.

ಬಿಸಿಯಾದ ಕೀಲನ್ನು ಕಡೆಗಣಿಸದಿರುವುದು, ಕಾರಣ ತಿಳಿಯದೆ ಮಾತ್ರೆ ನುಂಗದಿರುವುದು, ನಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡದಿರುವುದು, ಹೆಸರಿಲ್ಲದ ಪುಡಿಯನ್ನು ಮನೆಗೆ ತಾರದಿರುವುದು, ಈ ನಾಲ್ಕನ್ನು ಇಂದು ಇಲ್ಲಿಂದ ತೆಗೆದುಕೊಂಡು ಹೋದರೆ ನನ್ನ ಶ್ರಮ ಸಾರ್ಥಕ. ಶರೀರವು ಧರ್ಮಸಾಧನೆಗೆ ಮೊದಲ ಉಪಕರಣವೆಂದು ನಮ್ಮವರು ಹೇಳುತ್ತಾರೆ. ಉಪಕರಣವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕರ್ತವ್ಯ. 

ಶ್ರೀಕೃಷ್ಣಾರ್ಪಣಮಸ್ತು.